ಹಸಿರು ದೀಪ ಹೇಳುವುದೇನು? - ಮೋಟಾರ್ ಸೈಕಲ್ಲಿನ ಗೇರು ಸೂಚಕದ ಕಥೆ

ಮೋಟಾರ್ ಸೈಕಲ್ಲಿನ ಕೀಲಿ ತಿರುಗಿಸಿದೊಡನೆ ವೇಗಮಾಪಕದ ಪಕ್ಕದಲ್ಲಿ ಪುಟ್ಟ ಹಸಿರು ದೀಪವೊಂದು ಹೊತ್ತಿಕೊಳ್ಳುವುದನ್ನು ನೀವು ನೋಡಿದ್ದೀರಿ. ಗೇರು ನ್ಯೂಟ್ರಲ್‌ನಲ್ಲಿದೆ, ಎಂಜಿನ್ ಚಾಲೂ ಮಾಡಬಹುದು ಎಂಬುದಕ್ಕೆ ಅದು ಗುರುತು. ಒಂದು ದಿನ ಬೆಳಿಗ್ಗೆ ಆ ದೀಪ ಹೊತ್ತಲೇ ಇಲ್ಲ ಎಂದಿಟ್ಟುಕೊಳ್ಳಿ. ಗೇರು ನ್ಯೂಟ್ರಲ್‌ನಲ್ಲಿ ಇಲ್ಲವೋ? ಬಲ್ಬು ಸುಟ್ಟುಹೋಗಿದೆಯೋ? ತಂತಿ ತುಂಡಾಗಿದೆಯೋ? ದೀಪವನ್ನಷ್ಟೇ ನೋಡುತ್ತ ಕುಳಿತರೆ ಇದಕ್ಕೆ ಉತ್ತರ ಸಿಗದು. ಏಕೆಂದರೆ ದೀಪಕ್ಕೆ ಗೇರು ಕಾಣುವುದಿಲ್ಲ. ತನ್ನ ಮೂಲಕ ವಿದ್ಯುತ್ತು ಹರಿಯುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ಅದು ತೋರಿಸಬಲ್ಲದು.

ಇದು ತೀರ ಸಣ್ಣ ಮಾತು ಎನಿಸಬಹುದು. ಆದರೆ ಈ ಸಣ್ಣ ಮಾತು ಮರೆತುಹೋದಾಗ ಒಂದು ವಿಮಾನ ನೆಲಕ್ಕಪ್ಪಳಿಸಿದೆ, ಒಂದು ಪರಮಾಣು ಸ್ಥಾವರದ ಗರ್ಭ ಕರಗಿದೆ. ಅಲ್ಲಿಗೆ ಹೋಗುವ ಮೊದಲು ಈ ದೀಪ ಬೈಕಿಗೆ ಏಕೆ ಬೇಕಾಯಿತು ಎಂಬುದನ್ನು ನೋಡೋಣ.

ಗೇರೇ ಇಲ್ಲದ ಕಾಲ

ಮಾರಾಟಕ್ಕಾಗಿ ಸಾಲಾಗಿ ತಯಾರಾದ ಮೊದಲ ಮೋಟಾರ್ ಸೈಕಲ್ ಜರ್ಮನಿಯ ಮ್ಯೂನಿಕ್ ನಗರದ್ದು. 1894ರಲ್ಲಿ ಬಂದ ಅದರ ಹೆಸರು ಹಿಲ್ಡಬ್ರಾಂಡ್ ಮತ್ತು ವೋಲ್ಫ್‌ಮ್ಯುಲರ್. ಉಗಿಬಂಡಿಯಲ್ಲಿ ಇರುವಂತೆ ಅದರ ಕೊಂತಗಳಿಂದ ಹೊರಟ ಸರಳುಗಳು ನೇರವಾಗಿ ಹಿಂದಿನ ಚಕ್ರವನ್ನು ತಿರುಗಿಸುತ್ತಿದ್ದವು. ಅದಕ್ಕೆ ಕ್ಲಚ್ ಇರಲಿಲ್ಲ, ಗೇರು ಬದಲಿಸುವ ಪೆಟ್ಟಿಗೆಯೂ ಇರಲಿಲ್ಲ. ಎಂಜಿನ್ ತಿರುಗಿದರೆ ಚಕ್ರವೂ ತಿರುಗಬೇಕು. ಚಕ್ರ ನಿಂತರೆ ಎಂಜಿನ್ನೂ ನಿಲ್ಲಬೇಕು. ಹಾಗಾಗಿ ‘ಈಗ ಯಾವ ಗೇರಿನಲ್ಲಿದೆ?’ ಎಂಬ ಪ್ರಶ್ನೆಯೇ ಸವಾರನಿಗೆ ಬರುವಂತಿರಲಿಲ್ಲ.

ಆದರೆ ಎಂಜಿನ್ ಒಂದು ನಿರ್ದಿಷ್ಟ ವೇಗದಲ್ಲಿ ತಿರುಗಿದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ದಿಣ್ಣೆ ಹತ್ತುವಾಗ ಚಕ್ರದ ವೇಗ ಕುಗ್ಗುತ್ತದೆ, ಜೊತೆಗೆ ಎಂಜಿನ್ನಿನ ವೇಗವೂ ಕುಗ್ಗಿ ಅದು ಉಸಿರುಗಟ್ಟಿ ನಿಲ್ಲುತ್ತದೆ. ಎಂಜಿನ್ ವೇಗವಾಗಿ ತಿರುಗುತ್ತಲೇ ಚಕ್ರ ನಿಧಾನವಾಗಿ ತಿರುಗಬೇಕಾದರೆ ನಡುವೆ ದಂತಚಕ್ರಗಳ ಜೋಡಿಗಳು ಬೇಕು. ಬ್ರಿಟನ್ನಿನ ಸ್ಕಾಟ್ ಬೈಕು 1908ರ ಹೊತ್ತಿಗೇ ಎರಡು ಗೇರುಗಳನ್ನೂ ಕಿಕ್ ಸ್ಟಾರ್ಟರನ್ನೂ ಹೊಂದಿತ್ತು. 1911ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿ.ಟಿ. ಪಂದ್ಯವನ್ನು ಸ್ನೇಫೆಲ್ ಗುಡ್ಡವನ್ನು ಹತ್ತಿ ಇಳಿಯುವ ಹೊಸ ದಾರಿಗೆ ವರ್ಗಾಯಿಸಲಾಯಿತು. ಆ ವರ್ಷದ ಸೀನಿಯರ್ ಪಂದ್ಯದಲ್ಲಿ ಮೊದಲ ಮೂರೂ ಸ್ಥಾನಗಳನ್ನು ಗೆದ್ದದ್ದು ಅಮೆರಿಕದ ‘ಇಂಡಿಯನ್’ ಬೈಕುಗಳು. ಅವುಗಳಿಗೆ ಸರಪಳಿ ಚಾಲನೆಯೂ ಎರಡು ವೇಗದ ಗೇರ್ ಬಾಕ್ಸೂ ಇದ್ದವು. ಗೇರಿಲ್ಲದ ಬೈಕಿನ ಕಾಲ ಮುಗಿಯುತ್ತ ಬಂದಿತ್ತು.

ಕೈಯಿಂದ ಕಾಲಿಗೆ

ಅನಂತರದ ಸುಮಾರು ಎರಡು ದಶಕ ಗೇರು ಬದಲಿಸುವ ಕೆಲಸವನ್ನು ಹೆಚ್ಚಾಗಿ ಕೈ ಮಾಡಿತು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಉದ್ದನೆಯ ಸನ್ನೆಯೊಂದು ಇರುತ್ತಿತ್ತು. ಕಚ್ಚುಗಳಿದ್ದ ಲೋಹದ ಪಟ್ಟಿಯೊಂದರಲ್ಲಿ ಅದು ಹಿಂದೆ ಮುಂದೆ ಸರಿಯುತ್ತಿತ್ತು. ಮೊದಲ ಕಚ್ಚಿನಲ್ಲಿ ಕೂತರೆ ಮೊದಲ ಗೇರು, ಎರಡನೆಯದರಲ್ಲಿ ಕೂತರೆ ಎರಡನೆಯ ಗೇರು. ಈ ವ್ಯವಸ್ಥೆಯ ಒಂದು ಗುಣವನ್ನು ಗಮನಿಸಿ. ಗೇರು ಬದಲಿಸುವ ಸನ್ನೆಯೇ ಗೇರನ್ನು ತೋರಿಸುವ ಮುಳ್ಳೂ ಆಗಿತ್ತು. ಕಣ್ಣು ಕೆಳಗೆ ಹಾಯಿಸಿದರೆ, ಕತ್ತಲಿದ್ದರೆ ಕೈಯಿಂದ ಮುಟ್ಟಿದರೆ ಉತ್ತರ ಸಿಗುತ್ತಿತ್ತು. ಬೇರೆ ಸೂಚಕ ಬೇಕಿರಲಿಲ್ಲ.

ಅನನುಕೂಲವೂ ಇತ್ತು. ಗೇರು ಬದಲಿಸುವಾಗ ಒಂದು ಕೈ ಹ್ಯಾಂಡಲ್ ಬಿಡಬೇಕಿತ್ತು. ಪಂದ್ಯದ ಸವಾರನಿಗೆ ತಿರುವಿನಲ್ಲಿ ಇದು ಅಪಾಯಕರ. 1920ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ವೆಲೊಸೆಟ್ ಬೈಕುಗಳ ತಯಾರಕರಲ್ಲಿ ಎಂಜಿನಿಯರೂ ಸವಾರರೂ ಆಗಿದ್ದ ಹೆರಾಲ್ಡ್ ವಿಲ್ಲಿಸ್ ಇದಕ್ಕೊಂದು ಪರಿಹಾರ ರೂಪಿಸಿದರು. ಪಾದದಿಂದ ಒಮ್ಮೆ ಒತ್ತಿದರೆ ಅಥವಾ ಎತ್ತಿದರೆ ಒಂದೇ ಒಂದು ಗೇರು ಬದಲಾಗಬೇಕು; ಪಾದ ತೆಗೆದೊಡನೆ ಪೆಡಲು ಸ್ಪ್ರಿಂಗಿನ ಬಲದಿಂದ ತನ್ನ ಮೊದಲಿನ ಜಾಗಕ್ಕೇ ಮರಳಬೇಕು. ಕೊಕ್ಕೆ ಮತ್ತು ಹಲ್ಲುಚಕ್ರದ ಈ ಏರ್ಪಾಟು ಮುಂದಿನ ವರ್ಷಗಳಲ್ಲಿ ಎಲ್ಲೆಡೆ ಹರಡಿತು. ಇಂದು ನೀವು ಓಡಿಸುವ ಗೇರಿನ ಬೈಕಿನಲ್ಲಿರುವುದೂ ಅದೇ ತತ್ತ್ವ.

ಅನುಕೂಲದ ಜೊತೆಗೆ ಒಂದು ಹೊಸ ತೊಡಕೂ ಬಂತು. ಪೆಡಲು ಪ್ರತಿ ಸಲವೂ ಒಂದೇ ಜಾಗಕ್ಕೆ ಮರಳುವುದರಿಂದ ಅದನ್ನು ನೋಡಿ ಗೇರು ಯಾವುದೆಂದು ಹೇಳಲು ಸಾಧ್ಯವಿಲ್ಲ. ಮೊದಲ ಗೇರಿನಲ್ಲಿದ್ದರೂ ನಾಲ್ಕನೆಯದರಲ್ಲಿದ್ದರೂ ಪೆಡಲು ಹಾಗೆಯೇ ಇರುತ್ತದೆ. ಇದುವರೆಗೆ ಸನ್ನೆಯೇ ಕೊಡುತ್ತಿದ್ದ ಮಾಹಿತಿ ಗೇರ್ ಬಾಕ್ಸಿನ ಒಳಗೆ ಅಡಗಿಹೋಯಿತು. ಸೂಚಕದ ಅಗತ್ಯ ಹುಟ್ಟಿದ್ದು ಇಲ್ಲಿ.

ನ್ಯೂಟ್ರಲ್ ಎಂಬ ಅರೆಮೆಟ್ಟಿಲು

ಎಲ್ಲ ಗೇರುಗಳಿಗಿಂತ ಹುಡುಕಲು ಕಷ್ಟವಾದದ್ದು ನ್ಯೂಟ್ರಲ್. ಹೆಚ್ಚಿನ ಬೈಕುಗಳಲ್ಲಿ ಅದು ಮೊದಲ ಮತ್ತು ಎರಡನೆಯ ಗೇರುಗಳ ನಡುವೆ ಇರುತ್ತದೆ. ಪೂರ್ತಿ ಮೆಟ್ಟಿಲಲ್ಲ, ಅರೆಮೆಟ್ಟಿಲು. ಅದನ್ನು ಅಲ್ಲಿ ಇಟ್ಟಿರುವುದಕ್ಕೆ ಕಾರಣವಿದೆ. ಅವಸರದಲ್ಲಿ ಗೇರು ಇಳಿಸುತ್ತ ಹೋದ ಸವಾರನಿಗೆ ಕೊನೆಗೆ ಮೊದಲ ಗೇರು ಸಿಗಬೇಕೇ ಹೊರತು ಎಂಜಿನ್ನಿನ ಹಿಡಿತವಿಲ್ಲದ ನ್ಯೂಟ್ರಲ್ ಅಲ್ಲ. ಸಣ್ಣ ಬೈಕುಗಳಲ್ಲಿ ಕೆಲವಕ್ಕೆ ನ್ಯೂಟ್ರಲ್ ಸಾಲಿನ ತುದಿಯಲ್ಲಿರುವುದೂ ಉಂಟು.

ಈ ಅರೆಮೆಟ್ಟಿಲನ್ನು ಹುಡುಕಲು ಬ್ರಿಟನ್ನಿನ ಆಲ್ಬಿಯನ್ ಗೇರ್ ಬಾಕ್ಸಿನಲ್ಲಿ ಒಂದು ಜಾಣ ಉಪಾಯವಿತ್ತು. ಗೇರು ಪೆಡಲಿನ ಜೊತೆಗೆ ಇನ್ನೊಂದು ಚಿಕ್ಕ ಸನ್ನೆ. ಮೇಲಿನ ಗೇರುಗಳಲ್ಲಿ ಇರುವಾಗ ಕ್ಲಚ್ ಹಿಡಿದು ಅದನ್ನು ಒಂದೇ ಸಲ ಒತ್ತಿದರೆ ಗೇರು ನೇರವಾಗಿ ನ್ಯೂಟ್ರಲ್‌ಗೆ ಬಂದು ನಿಲ್ಲುತ್ತಿತ್ತು. ನಮ್ಮ ದೇಶದವರಿಗೆ ಇದು ಪರಿಚಿತವಾದದ್ದು ಎನ್‌ಫೀಲ್ಡ್ ಬುಲೆಟ್ ಮೂಲಕ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾದ ಮೇಲೆ ದಶಕಗಳ ಕಾಲ ಬುಲೆಟ್‌ನ ಬಲಬದಿಯಲ್ಲಿ ಹಿಮ್ಮಡಿಯಿಂದ ಒತ್ತುವ ಈ ಸನ್ನೆ ಇತ್ತು. ಇದು ಸೂಚಕವಲ್ಲ, ಗೇರು ಎಲ್ಲಿದೆ ಎಂದು ತಿಳಿಸುವ ಬದಲು ಬೇಕಾದಲ್ಲಿಗೆ ಒಯ್ದು ಬಿಡುವ ಸಾಧನ. ವಿದ್ಯುತ್ತಿನ ಹಂಗಿಲ್ಲದ್ದರಿಂದ ಅದರ ಬಲ್ಬು ಸುಡುವ ಮಾತೇ ಇರಲಿಲ್ಲ.

ಮೈಸೂರಿನವರಿಗೆ ಇನ್ನೊಂದು ಬೈಕು ನೆನಪಾಗಬೇಕು. 1961ರಲ್ಲಿ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಚೆಕೊಸ್ಲೊವಾಕಿಯದ ಜಾವಾ ವಿನ್ಯಾಸವನ್ನೇ ಆಧರಿಸಿದ ಅದರ ಬೈಕುಗಳು 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಬೈಕುಗಳಲ್ಲಿ ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಹೊರಳಿಸಿದರೆ ಅದೇ ಗೇರಿನ ಸನ್ನೆಯಾಗುತ್ತಿತ್ತು. ಒಂದೇ ಸನ್ನೆಗೆ ಎರಡು ಕೆಲಸ. ಕಿಕ್ ಹೊಡೆಯುವ ಮುನ್ನ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಿ ಚಕ್ರ ಸಲೀಸಾಗಿ ಉರುಳುತ್ತದೆಯೇ ಎಂದು ನೋಡುವುದು ಸವಾರರ ರೂಢಿ. ಈ ರೂಢಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದೀಪ ಬಂತು

ಮುಳ್ಳಿನ ಬದಲು ದೀಪದಿಂದ ಸೂಚನೆ ಕೊಡುವ ಪದ್ಧತಿ ಕಾರುಗಳಲ್ಲಿ ಮೊದಲು ಕಾಣಿಸಿಕೊಂಡಿತು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಾರುಗಳಲ್ಲಿ ಎಣ್ಣೆಯ ಒತ್ತಡಕ್ಕೆ ಮತ್ತು ಬ್ಯಾಟರಿ ಚಾರ್ಜಿಗೆ ಮುಳ್ಳಿನ ಮಾಪಕದ ಬದಲು ದೀಪಗಳನ್ನು ಇಡಲಾಯಿತು. ಯಂತ್ರ ಬಲ್ಲ ಚಾಲಕರು ಇವನ್ನು ‘ಪೆದ್ದರ ದೀಪ’ ಎಂದು ಹಂಗಿಸಿದರು. ಮುಳ್ಳು ಎಷ್ಟು ಎಂದು ಹೇಳುತ್ತದೆ, ದೀಪ ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ ಎಂಬುದು ಅವರ ದೂರು. ಆದರೆ ನ್ಯೂಟ್ರಲ್ ವಿಷಯದಲ್ಲಿ ಬೇಕಾಗಿರುವುದೂ ಹೌದು ಅಥವಾ ಇಲ್ಲ ಎಂಬ ಉತ್ತರವೇ. ಹಾಗಾಗಿ ದೀಪ ಇಲ್ಲಿ ಚೆನ್ನಾಗಿ ಹೊಂದಿಕೊಂಡಿತು.

ಗುಂಡಿ ಒತ್ತಿದರೆ ಎಂಜಿನ್ ಚಾಲೂ ಆಗುವ ವಿದ್ಯುತ್ ಸ್ಟಾರ್ಟರ್ ಬಂದ ಮೇಲಂತೂ ನ್ಯೂಟ್ರಲ್ ದೀಪದ ಮಹತ್ತ್ವ ಹೆಚ್ಚಿತು. ಗೇರಿನಲ್ಲಿರುವಾಗ ಗುಂಡಿ ಒತ್ತಿದರೆ ಗಾಡಿ ಮುಂದಕ್ಕೆ ಹಾರುತ್ತದೆ. 1969ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಬಿ-750 ಬೈಕಿಗೆ ವಿದ್ಯುತ್ ಸ್ಟಾರ್ಟರೂ ಇತ್ತು, ಮಾಪಕದಲ್ಲಿ ಹಸಿರು ನ್ಯೂಟ್ರಲ್ ದೀಪವೂ ಇತ್ತು. ಅಲ್ಲಿಯವರೆಗೆ ಗೇರಿನ ಪೆಡಲು ಬ್ರಿಟನ್ನಿನ ಬೈಕುಗಳಲ್ಲಿ ಬಲಕ್ಕೆ, ಜಪಾನಿನವುಗಳಲ್ಲಿ ಎಡಕ್ಕೆ ಇರುತ್ತಿತ್ತು. ಅಮೆರಿಕದಲ್ಲಿ 1974ರ ಸೆಪ್ಟೆಂಬರ್‌ನಿಂದ ತಯಾರಾಗುವ ಬೈಕುಗಳಿಗೆ ಪೆಡಲು ಎಡಕ್ಕೇ ಇರಬೇಕೆಂಬ ನಿಯಮ ಜಾರಿಯಾಯಿತು. ನ್ಯೂಟ್ರಲ್‌ಗೆ ಹಸಿರು ಬಣ್ಣ ಎಂಬುದೂ ಹೀಗೆಯೇ ನಿಯಮಗಳಲ್ಲಿ ಸೇರಿ ನೆಲೆಯಾಯಿತು.

ಭಾರತದಲ್ಲಿ 1980ರ ದಶಕದಲ್ಲಿ ಜಪಾನಿನ ಸಹಯೋಗದ ಬೈಕುಗಳು ಒಂದರ ಹಿಂದೊಂದರಂತೆ ಬಂದವು. ಬೆಂಗಳೂರಿಗೆ ಹತ್ತಿರದ ಹೊಸೂರಿನಿಂದ 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಮತ್ತು ಯಮಹಾ ಆರ್‌ಎಕ್ಸ್ 100 ರಸ್ತೆಗಿಳಿದವು. ಹಸಿರು ದೀಪ ನಮ್ಮ ಸವಾರರಿಗೆ ಮಾಮೂಲಿಯಾದದ್ದು ಈ ತಲೆಮಾರಿನ ಬೈಕುಗಳ ಕಾಲದಲ್ಲಿ.

ಒಂದು ತಂತಿ, ಒಂದು ಗುಬುಟು

ನ್ಯೂಟ್ರಲ್ ದೀಪದ ವಿದ್ಯುನ್ಮಂಡಲ ಬೈಕಿನಲ್ಲಿರುವ ಮಂಡಲಗಳಲ್ಲೆಲ್ಲ ಅತ್ಯಂತ ಸರಳವಾದದ್ದು. ಬ್ಯಾಟರಿಯ ಧನ ತುದಿಯಿಂದ ಹೊರಟ ತಂತಿ ಫ್ಯೂಸು ಮತ್ತು ಕೀಲಿ ಸ್ವಿಚ್ಚನ್ನು ಹಾದು ಬಲ್ಬನ್ನು ಸೇರುತ್ತದೆ. ಬಲ್ಬಿನ ಇನ್ನೊಂದು ತುದಿಯಿಂದ ಒಂಟಿ ತಂತಿ ಗೇರ್ ಬಾಕ್ಸಿಗೆ ಇಳಿದು ಅಲ್ಲಿನ ಸ್ವಿಚ್ಚಿಗೆ ಸೇರುತ್ತದೆ. ಅಲ್ಲಿಂದ ಬ್ಯಾಟರಿಗೆ ಮರಳಲು ಬೇರೆ ತಂತಿಯಿಲ್ಲ. ಎಂಜಿನ್ನಿನ ಮತ್ತು ಚಾಸಿಯ ಲೋಹವೇ ಮರಳುವ ದಾರಿ.

ಗೇರ್ ಬಾಕ್ಸಿನೊಳಗೆ ಗೇರುಗಳನ್ನು ಸರಿಸುವ ಉರುಳೆಯೊಂದಿದೆ. ಅದರ ಮೈಮೇಲೆ ಕೊರೆದ ಅಂಕುಡೊಂಕು ಗಾಡಿಗಳಲ್ಲಿ ಕವಲುಗಳು ಕೂತಿರುತ್ತವೆ. ಉರುಳೆ ತಿರುಗಿದಂತೆ ಕವಲುಗಳು ಅತ್ತಿತ್ತ ಸರಿದು ಗೇರುಗಳನ್ನು ಜೋಡಿಸುತ್ತವೆ. ಈ ಉರುಳೆಯ ತುದಿಯಲ್ಲಿ ಲೋಹದ ಒಂದು ಪುಟ್ಟ ಗುಬುಟು ಇರುತ್ತದೆ. ಉರುಳೆ ನ್ಯೂಟ್ರಲ್ ಸ್ಥಾನದಲ್ಲಿದ್ದಾಗ ಮಾತ್ರ ಅದು ಸ್ವಿಚ್ಚಿನ ಸಂಪರ್ಕ ಬಿಂದುವನ್ನು ಮುಟ್ಟುತ್ತದೆ. ಮುಟ್ಟಿದೊಡನೆ ವಿದ್ಯುತ್ತು ಲೋಹದ ಮೈಗೆ ಇಳಿದು ಮಂಡಲ ಪೂರ್ತಿಯಾಗುತ್ತದೆ, ದೀಪ ಬೆಳಗುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಇದನ್ನೇ ‘ಅರ್ಥ್ ಸಿಗುವುದು’ ಎನ್ನುತ್ತಾರೆ.

ಹಳೆಯ ಬೈಕುಗಳಲ್ಲಿ ದೀಪ ಮಂಕಾಗುವ ತೊಂದರೆ ಏಕೆ ಹೆಚ್ಚು ಎಂಬುದನ್ನು ಲೆಕ್ಕದಿಂದ ನೋಡಬಹುದು. ಆಗ 6 ವೋಲ್ಟ್ ಬ್ಯಾಟರಿ ಬಳಕೆಯಲ್ಲಿತ್ತು. 6 ವೋಲ್ಟಿನಲ್ಲಿ ಉರಿಯುವ 3 ವಾಟ್ ಬಲ್ಬಿನ ರೋಧ 12 ಓಮ್. 12 ವೋಲ್ಟಿನಲ್ಲಿ ಉರಿಯುವ 3 ವಾಟ್ ಬಲ್ಬಿನ ರೋಧ 48 ಓಮ್. ಈಗ ಸ್ವಿಚ್ಚಿನ ತುದಿಯಲ್ಲಿ ಕೊಳೆ ಕೂತು 3 ಓಮ್ ರೋಧ ಸೇರಿತು ಎನ್ನಿ. ಸುಲಭಕ್ಕಾಗಿ ಬಲ್ಬಿನ ರೋಧ ಬದಲಾಗದು ಎಂದುಕೊಳ್ಳೋಣ. 6 ವೋಲ್ಟಿನ ಮಂಡಲದಲ್ಲಿ ಪ್ರವಾಹ 6 ಭಾಗಿಸು 15, ಅಂದರೆ 0.4 ಆಂಪಿಯರ್, ಬಲ್ಬಿಗೆ ಸಿಗುವುದು 1.92 ವಾಟ್, ಅಂದರೆ ಶೇಕಡ 64. ಅದೇ ಕೊಳೆ 12 ವೋಲ್ಟಿನ ಮಂಡಲದಲ್ಲಿದ್ದರೆ ಪ್ರವಾಹ 12 ಭಾಗಿಸು 51, ಸುಮಾರು 0.235 ಆಂಪಿಯರ್, ಬಲ್ಬಿಗೆ ಸುಮಾರು 2.66 ವಾಟ್, ಶೇಕಡ 89ರಷ್ಟು ಸಿಗುತ್ತದೆ. ಕೊಳೆ ಒಂದೇ, ಪರಿಣಾಮ ಬೇರೆ. ಬೈಕುಗಳು 12 ವೋಲ್ಟಿಗೆ ಬದಲಾದದ್ದರಿಂದ ಆದ ಅನುಕೂಲಗಳಲ್ಲಿ ಇದೂ ಒಂದು.

ಅಂಕಿ ತೋರಿಸುವ ಸೂಚಕ

ನ್ಯೂಟ್ರಲ್ ಒಂದನ್ನೇ ಅಲ್ಲ, ಎಲ್ಲ ಗೇರುಗಳನ್ನೂ ತೋರಿಸಬಾರದೇಕೆ? 1974ರಲ್ಲಿ ಬಂದ ಸುಜುಕಿಯ ಆರ್‌ಇ-5 ಎಂಬ ವಾಂಕೆಲ್ ಎಂಜಿನ್ನಿನ ಬೈಕಿನಲ್ಲಿ ಗೇರಿನ ಅಂಕಿ ಬೆಳಗುವ ಸೂಚಕವಿತ್ತು. ಅದೇ ಕಂಪನಿಯ ಜಿಟಿ-750 ಬೈಕಿಗೂ ಅದೇ ಸುಮಾರಿಗೆ ಇಂಥ ಸೂಚಕ ಬಂತು. ಇಲ್ಲಿ ಉರುಳೆಯ ತುದಿಯಲ್ಲಿ ಒಂದೇ ಸಂಪರ್ಕ ಬಿಂದುವಿನ ಬದಲು ಗೇರಿಗೊಂದರಂತೆ ಬಿಂದುಗಳು ವೃತ್ತಾಕಾರದಲ್ಲಿ ಇರುತ್ತವೆ. ಗುಬುಟು ಯಾವುದನ್ನು ಮುಟ್ಟುತ್ತದೋ ಆ ಅಂಕಿ ಬೆಳಗುತ್ತದೆ.

ಗೇರಿಗೊಂದು ತಂತಿ ಎಳೆಯುವುದನ್ನು ತಪ್ಪಿಸಲು ಮುಂದೆ ಇನ್ನೊಂದು ಉಪಾಯ ಬಂತು. ಪ್ರತಿ ಬಿಂದುವಿಗೂ ಬೇರೆ ಬೇರೆ ಬೆಲೆಯ ರೋಧಕ ಜೋಡಿಸಿ ಎಲ್ಲಕ್ಕೂ ಒಂದೇ ತಂತಿ ಬಳಸುವುದು. ಒಂದು ಉದಾಹರಣೆ ನೋಡಿ. 5 ವೋಲ್ಟ್ ಮೂಲಕ್ಕೆ 1000 ಓಮಿನ ರೋಧಕ, ಅದರ ಮುಂದೆ ಗೇರಿನ ರೋಧಕ. ಗೇರಿನ ರೋಧಕ 250 ಓಮ್ ಇದ್ದರೆ ಅದರ ತುದಿಗಳ ನಡುವೆ 1 ವೋಲ್ಟ್, 1000 ಓಮ್ ಇದ್ದರೆ 2.5 ವೋಲ್ಟ್, 4000 ಓಮ್ ಇದ್ದರೆ 4 ವೋಲ್ಟ್. ವೋಲ್ಟೇಜು ಅಳೆದು ಬೈಕಿನ ಗಣಕ ಗೇರು ಯಾವುದೆಂದು ತಿಳಿಯುತ್ತದೆ. ಇಲ್ಲಿ ಕೊಳೆಯ ಆಟವೇ ಬೇರೆ. 250 ಓಮಿನ ಬಿಂದುವಿನ ಮೇಲೆ 750 ಓಮಿನಷ್ಟು ಕೊಳೆ ಕೂತರೆ ಗಣಕಕ್ಕೆ ಕಾಣುವುದು 2.5 ವೋಲ್ಟ್. ಅದು ಹಿಂಜರಿಯದೆ ಇನ್ನೊಂದು ಗೇರಿನ ಅಂಕಿಯನ್ನು ತೋರಿಸುತ್ತದೆ. ಹಳೆಯ ದೀಪ ಮಂಕಾಗಿ ತನ್ನ ತೊಂದರೆಯನ್ನು ತಾನೇ ಹೇಳಿಕೊಳ್ಳುತ್ತಿತ್ತು. ಅಂಕಿ ಮಂಕಾಗುವುದಿಲ್ಲ, ತಪ್ಪಾಗುತ್ತದೆ.

ಸ್ವಿಚ್ಚೇ ಇಲ್ಲದೆ ಲೆಕ್ಕದಿಂದ ಗೇರನ್ನು ಕಂಡುಹಿಡಿಯುವ ಸೂಚಕಗಳೂ ಇವೆ. ಎಂಜಿನ್ನಿನ ಸುತ್ತುಗಳನ್ನು ಚಕ್ರದ ಸುತ್ತುಗಳಿಂದ ಭಾಗಿಸಿದರೆ ಒಟ್ಟು ಅನುಪಾತ ಸಿಗುತ್ತದೆ. ನಾಲ್ಕು ಗೇರುಗಳ ಅನುಪಾತ 30, 18, 13 ಮತ್ತು 10 ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 4500 ಸುತ್ತು, ಚಕ್ರ 450 ಸುತ್ತು ತಿರುಗುತ್ತಿದ್ದರೆ ಭಾಗಲಬ್ಧ 10, ಗೇರು ನಾಲ್ಕನೆಯದು. ಕ್ಲಚ್ ಹಿಡಿದಾಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ, ಗಾಡಿ ನಿಂತಾಗ ಭಾಜಕ ಸೊನ್ನೆಯಾಗುತ್ತದೆ. ಆಗ ಇಂಥ ಸೂಚಕ ಅಂಕಿಯ ಬದಲು ಗೆರೆಯೊಂದನ್ನು ತೋರಿಸಿದರೆ ಅದು ದೋಷವಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಸೂಚಕ ಒಳ್ಳೆಯ ಸೂಚಕವೇ.

ಎರಡು ಬಗೆಯ ಸುಳ್ಳು, ಎರಡು ದುರಂತ

ಸೂಚಕ ದೀಪ ಎರಡು ಬಗೆಯಲ್ಲಿ ಸುಳ್ಳು ಹೇಳಬಲ್ಲದು. ಗೇರು ನ್ಯೂಟ್ರಲ್‌ನಲ್ಲಿದ್ದರೂ ದೀಪ ಹೊತ್ತದಿರುವುದು ಮೊದಲನೆಯದು. ಗೇರು ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೂ ದೀಪ ಹೊತ್ತಿರುವುದು ಎರಡನೆಯದು. ಮೊದಲನೆಯದರಿಂದ ಕಿರಿಕಿರಿ, ಎರಡನೆಯದರಿಂದ ಅಪಾಯ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಎರಡೂ ಎಂಥ ಅನಾಹುತ ಮಾಡಬಲ್ಲವು ಎಂಬುದಕ್ಕೆ ಬೈಕಿನ ಲೋಕದಾಚೆ ಎರಡು ನಿದರ್ಶನಗಳಿವೆ.

1972ರ ಡಿಸೆಂಬರ್ 29ರ ರಾತ್ರಿ. ಈಸ್ಟರ್ನ್ ಏರ್‌ಲೈನ್ಸ್‌ನ 401ನೆಯ ಸಂಖ್ಯೆಯ ವಿಮಾನ ನ್ಯೂಯಾರ್ಕಿನಿಂದ ಬಂದು ಮಯಾಮಿಯಲ್ಲಿ ಇಳಿಯಬೇಕಿತ್ತು. ಅದು ಲಾಕ್‌ಹೀಡ್ ಟ್ರೈಸ್ಟಾರ್ ವಿಮಾನ; ಒಳಗೆ 176 ಮಂದಿ. ಮೂತಿಯ ಚಕ್ರ ಕೆಳಗಿಳಿದು ಭದ್ರವಾಗಿದೆ ಎಂದು ತೋರಿಸುವ ಹಸಿರು ದೀಪ ಹೊತ್ತಲಿಲ್ಲ. ಚಾಲಕರು ಇಳಿಯುವುದನ್ನು ತಡೆದು 2000 ಅಡಿ ಎತ್ತರದಲ್ಲಿ ವಿಮಾನವನ್ನು ಸ್ವಯಂಚಾಲಕಕ್ಕೆ ಒಪ್ಪಿಸಿ ದೀಪವನ್ನು ಬಿಚ್ಚಿ ನೋಡತೊಡಗಿದರು. ಒಬ್ಬರು ಚಕ್ರವನ್ನು ಕಣ್ಣಾರೆ ನೋಡಲು ಕೆಳಗಿನ ಕೋಣೆಗೆ ಇಳಿದರು. ಈ ನಡುವೆ ಎತ್ತರವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಯಾರಿಗೂ ಅರಿವಿಲ್ಲದೆ ಕಳಚಿತ್ತು. ವಿಮಾನ ನಿಧಾನವಾಗಿ ಇಳಿಯುತ್ತಿತ್ತು. ಎಲ್ಲರ ಗಮನ ದೀಪದ ಮೇಲಿತ್ತು. ವಿಮಾನ ಎವರ್‌ಗ್ಲೇಡ್ಸ್ ಜವುಗಿಗೆ ಅಪ್ಪಳಿಸಿ 101 ಮಂದಿ ಸತ್ತರು. ತನಿಖೆಯಲ್ಲಿ ಕಂಡದ್ದೇನು? ಚಕ್ರ ಸರಿಯಾಗಿಯೇ ಕೆಳಗಿಳಿದಿತ್ತು. ಆ ಸೂಚಕದ ಎರಡೂ ಬಲ್ಬುಗಳು ಸುಟ್ಟುಹೋಗಿದ್ದವು.

ಎರಡನೆಯದು 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಪರಮಾಣು ಸ್ಥಾವರದಲ್ಲಿ ನಡೆದದ್ದು. ಒತ್ತಡ ಇಳಿಸಲು ತೆರೆದುಕೊಂಡ ಕವಾಟವೊಂದು ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತು. ನಿಯಂತ್ರಣ ಕೊಠಡಿಯಲ್ಲಿ ಅದರ ದೀಪ ಮಾತ್ರ ಆರಿತ್ತು. ದೀಪ ಆರಿದೆ, ಆದ್ದರಿಂದ ಕವಾಟ ಮುಚ್ಚಿದೆ ಎಂದು ಸಿಬ್ಬಂದಿ ತಿಳಿದರು. ಆದರೆ ಆ ದೀಪದ ತಂತಿ ಹೋಗಿದ್ದದ್ದು ಕವಾಟಕ್ಕಲ್ಲ, ಅದನ್ನು ತೆರೆಯುವ ವಿದ್ಯುತ್ ಸುರುಳಿಗೆ. ಸುರುಳಿಗೆ ವಿದ್ಯುತ್ತು ನಿಂತಿದೆ ಎಂದಷ್ಟೇ ದೀಪ ಹೇಳುತ್ತಿತ್ತು. ‘ಮುಚ್ಚು ಎಂದು ಹೇಳಲಾಗಿದೆ’ ಎಂಬುದನ್ನು ಅವರು ‘ಮುಚ್ಚಿದೆ’ ಎಂದು ಓದಿದರು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಹೊರಹೋಗಿ ಸ್ಥಾವರದ ಗರ್ಭದ ಒಂದು ಭಾಗ ಕರಗಿತು.

ದೋಷ ಹುಡುಕುವ ಕ್ರಮ

ಈಗ ಬೈಕಿಗೆ ಮರಳೋಣ. ಕೆಳಗಿನ ಕ್ರಮ ಒಂಟಿ ತಂತಿಯ ಸರಳ ನ್ಯೂಟ್ರಲ್ ಸ್ವಿಚ್ಚಿಗೆ ಅನ್ವಯಿಸುತ್ತದೆ. ಗಣಕವಿರುವ ಹೊಸ ಬೈಕುಗಳಲ್ಲಿ ತಯಾರಕರ ಕೈಪಿಡಿ ನೋಡದೆ ತಂತಿಗಳನ್ನು ಲೋಹಕ್ಕೆ ತಾಗಿಸಬೇಡಿ.

ಮೊದಲು ದೀಪವನ್ನು ಬಿಟ್ಟು ಚಕ್ರವನ್ನು ಕೇಳಿ. ಎಂಜಿನ್ ಆರಿಸಿ, ಕ್ಲಚ್ ಹಿಡಿಯದೆ ಗಾಡಿಯನ್ನು ಹಿಂದೆ ಮುಂದೆ ತಳ್ಳಿ. ಸಲೀಸಾಗಿ ಉರುಳಿದರೆ ಗೇರು ನ್ಯೂಟ್ರಲ್‌ನಲ್ಲಿದೆ. ಜಾವಾ ಸವಾರರ ಹಳೆಯ ರೂಢಿ ಇದೇ. 401ನೆಯ ವಿಮಾನದಲ್ಲಿ ಚಕ್ರವನ್ನು ಕಣ್ಣಾರೆ ನೋಡಲು ಹೊರಟದ್ದು ಸರಿಯಾದ ಯೋಚನೆಯೇ. ಆ ಹೊತ್ತಿನಲ್ಲಿ ವಿಮಾನದ ಎತ್ತರವನ್ನು ನೋಡುವವರು ಯಾರೂ ಉಳಿಯದಿದ್ದುದು ದುರಂತ. ನೀವೂ ಬೈಕನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿದ ಮೇಲಷ್ಟೇ ಮುಂದುವರಿಯಿರಿ. ಓಡಿಸುತ್ತ ದೀಪದ ಕಡೆ ಬಗ್ಗಬೇಡಿ.

ಎರಡನೆಯದಾಗಿ ಕೀಲಿ ತಿರುಗಿಸಿ ಉಳಿದ ದೀಪಗಳನ್ನೂ ಹಾರನ್ನನ್ನೂ ನೋಡಿ. ಯಾವುದೂ ಕೆಲಸ ಮಾಡದಿದ್ದರೆ ತೊಂದರೆ ಫ್ಯೂಸ್ ಅಥವಾ ಬ್ಯಾಟರಿಯಲ್ಲಿದೆ.

ಮೂರನೆಯ ಪರೀಕ್ಷೆಯಲ್ಲಿ ಮಂಡಲವನ್ನು ಎರಡು ಭಾಗ ಮಾಡಿ. ಗೇರ್ ಬಾಕ್ಸಿನ ಬಳಿ ಸ್ವಿಚ್ಚಿನ ತಂತಿಯನ್ನು ಕಳಚಿ ಅದರ ತುದಿಯನ್ನು ಎಂಜಿನ್ನಿನ ಶುಭ್ರವಾದ ಲೋಹಕ್ಕೆ ತಾಗಿಸಿ. ದೀಪ ಹೊತ್ತಿದರೆ ಫ್ಯೂಸು, ಬಲ್ಬು, ತಂತಿ ಎಲ್ಲ ಸರಿ, ದೋಷ ಸ್ವಿಚ್ಚಿನಲ್ಲಿದೆ. ಹೊತ್ತದಿದ್ದರೆ ಸ್ವಿಚ್ಚನ್ನು ಮುಟ್ಟುವ ಮೊದಲು ಬಲ್ಬು, ಹೋಲ್ಡರ್, ತಂತಿ ನೋಡಿ. ಒಂದೇ ಪರೀಕ್ಷೆಯಿಂದ ಅನುಮಾನದ ಅರ್ಧ ಭಾಗ ಹೋಯಿತು. ದೋಷವಿರಬಹುದಾದ 16 ಜಾಗಗಳಿದ್ದರೂ ಹೀಗೆ ಅರ್ಧ ಮಾಡುತ್ತ ಹೋದರೆ 4 ಪರೀಕ್ಷೆ ಸಾಕು ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ದೀಪ ಯಾವಾಗಲೂ ಹೊತ್ತಿಯೇ ಇರುತ್ತದೆ ಎಂದಾದರೆ ಇದೇ ಪರೀಕ್ಷೆಯನ್ನು ತಿರುವುಮುರುವು ಮಾಡಿ. ತಂತಿ ಕಳಚಿದೊಡನೆ ದೀಪ ಆರಿದರೆ ಸ್ವಿಚ್ಚು ಒಳಗೆ ಅಂಟಿಕೊಂಡಿದೆ. ಆರದಿದ್ದರೆ ತಂತಿಯ ಹೊದಿಕೆ ಎಲ್ಲೋ ಸವೆದು ಚಾಸಿಗೆ ತಾಗುತ್ತಿದೆ. ಈ ಸ್ವಿಚ್ಚು ಎಷ್ಟೋ ಬೈಕುಗಳಲ್ಲಿ ಸರಪಳಿಯ ಮುಂದಿನ ಹಲ್ಲುಚಕ್ರದ ಬಳಿಯೇ ಇರುವುದರಿಂದ ಸರಪಳಿಗೆ ಉಜ್ಜಿ ತಂತಿ ಸವೆಯುವುದು, ಎಣ್ಣೆ ಬೆರೆತ ಕೆಸರು ಕೂರುವುದು ಸಾಮಾನ್ಯ.

ಸ್ವಿಚ್ಚನ್ನೇ ಪರೀಕ್ಷಿಸಲು ಮಲ್ಟಿಮೀಟರನ್ನು ಓಮ್ ಅಳತೆಗಿಟ್ಟು ಒಂದು ಕಡ್ಡಿಯನ್ನು ಸ್ವಿಚ್ಚಿನ ತುದಿಗೆ, ಇನ್ನೊಂದನ್ನು ಎಂಜಿನ್ ಲೋಹಕ್ಕೆ ಹಿಡಿಯಿರಿ. ನ್ಯೂಟ್ರಲ್‌ನಲ್ಲಿ ಸೊನ್ನೆಗೆ ಹತ್ತಿರ, ಉಳಿದ ಗೇರುಗಳಲ್ಲಿ ಅನಂತ ಎಂದು ತೋರಿಸಬೇಕು. ಸುಟ್ಟ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿದ್ದರೆ ಎರಡು ವಿಷಯ ನೆನಪಿಡಿ. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ ತಿರುಗಿಸಿ ಹಾಕಿದರೆ ಹೊತ್ತದು. ಕೆಲವೇ ಮಿಲಿ ಆಂಪಿಯರ್ ಸಾಕಾಗುವುದರಿಂದ ತೇವದ ಕೊಳೆಯ ಮೂಲಕ ಸೋರುವ ಪ್ರವಾಹಕ್ಕೂ ಅದು ಮಿಣುಕಬಹುದು.

ಇನ್ನೊಂದು ವಿಚಿತ್ರ ದೋಷವಿದೆ. ಕ್ಲಚ್ ಹಿಡಿದರೆ ಸಾಕು, ಯಾವ ಗೇರಿನಲ್ಲಿದ್ದರೂ ಹಸಿರು ದೀಪ ಹೊತ್ತಿಕೊಳ್ಳುತ್ತದೆ! ಎಷ್ಟೋ ಬೈಕುಗಳಲ್ಲಿ ನ್ಯೂಟ್ರಲ್ ಸ್ವಿಚ್ಚು ಅಥವಾ ಕ್ಲಚ್ ಸ್ವಿಚ್ಚು, ಎರಡರಲ್ಲೊಂದು ಅರ್ಥ್ ಕೊಟ್ಟರೆ ಮಾತ್ರ ಸ್ಟಾರ್ಟರ್ ತಿರುಗುತ್ತದೆ. ದೀಪದ ಪ್ರವಾಹ ಕ್ಲಚ್ ಸ್ವಿಚ್ಚಿನ ಕಡೆ ಹೋಗದಂತೆ ನಡುವೆ ಒಂದು ಡಯೋಡ್ ಇರುತ್ತದೆ. ಆ ಡಯೋಡ್ ಕೆಟ್ಟು ಎರಡೂ ದಿಕ್ಕಿಗೆ ದಾರಿ ಬಿಟ್ಟರೆ ಹೀಗಾಗುತ್ತದೆ. ಇದೇ ಅತ್ಯಂತ ಅಪಾಯದ ಸುಳ್ಳು. ಹಸಿರು ದೀಪ ನಂಬಿ ಕ್ಲಚ್ ಬಿಟ್ಟರೆ ಗಾಡಿ ಮುಂದಕ್ಕೆ ನುಗ್ಗುತ್ತದೆ. ಡಯೋಡ್ ಪೂರ್ತಿ ಕಡಿದುಹೋದರೆ ತೊಂದರೆ ಬೇರೆ: ನ್ಯೂಟ್ರಲ್‌ನಲ್ಲಿದ್ದರೂ ಕ್ಲಚ್ ಹಿಡಿಯದೆ ಸ್ಟಾರ್ಟರ್ ತಿರುಗದು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಇದರ ಮಾದರಿಯನ್ನು ತರಗತಿಯಲ್ಲೇ ಮಾಡಬಹುದು. ಎರಡು ಟಾರ್ಚ್ ಸೆಲ್ಲುಗಳು, ಒಂದು ಟಾರ್ಚ್ ಬಲ್ಬು, ಒಂದು ತಗಡಿನ ಡಬ್ಬ, ರಟ್ಟಿನ ಉರುಳೆ, ಸ್ವಲ್ಪ ತಂತಿ ಸಾಕು. ಡಬ್ಬವೇ ಚಾಸಿ; ಸೆಲ್ಲಿನ ಋಣ ತುದಿಯನ್ನು ಅದಕ್ಕೆ ಜೋಡಿಸಿ. ರಟ್ಟಿನ ಉರುಳೆಯ ಅಂಚಿಗೆ ಒಂದು ಕಡೆ ತಗಡಿನ ಚೂರು ಅಂಟಿಸಿ ಅದನ್ನು ತಂತಿಯಿಂದ ಡಬ್ಬಕ್ಕೆ ಸೇರಿಸಿ. ಬಲ್ಬಿನಿಂದ ಬಂದ ತಂತಿಯ ತುದಿ ಉರುಳೆಯ ಅಂಚನ್ನು ಉಜ್ಜುವಂತಿರಲಿ. ಉರುಳೆ ತಿರುಗಿಸಿದಾಗ ತಗಡು ಬಂದಲ್ಲಿ ಮಾತ್ರ ಬಲ್ಬು ಹೊತ್ತುತ್ತದೆ. ಅನಂತರ ಒಬ್ಬ ವಿದ್ಯಾರ್ಥಿ ಯಾರಿಗೂ ಹೇಳದೆ ಒಂದು ದೋಷ ಮಾಡಲಿ: ಬಲ್ಬನ್ನು ಸಡಿಲಿಸಲಿ, ತಗಡಿಗೆ ಮೇಣ ಹಚ್ಚಲಿ, ಅಥವಾ ತಂತಿಯ ಸುಲಿದ ಭಾಗವನ್ನು ಡಬ್ಬಕ್ಕೆ ತಾಗಿಸಲಿ. ಉಳಿದವರು ಆದಷ್ಟು ಕಡಿಮೆ ಪರೀಕ್ಷೆಗಳಲ್ಲಿ ಅದನ್ನು ಹುಡುಕಲಿ. ಪ್ರತಿ ಪರೀಕ್ಷೆಗೆ ಮುಂಚೆ ‘ಇದರಿಂದ ನಮಗೆ ಏನು ಗೊತ್ತಾಗುತ್ತದೆ?’ ಎಂದು ಬರೆದುಕೊಳ್ಳುವುದು ಕಡ್ಡಾಯವಾಗಲಿ.

ಸನ್ನೆಯಿಂದ ದೀಪಕ್ಕೆ, ದೀಪದಿಂದ ಅಂಕಿಗೆ, ಅಂಕಿಯಿಂದ ಲೆಕ್ಕಕ್ಕೆ ಬಂದ ಈ ನೂರು ವರ್ಷಗಳ ಹಾದಿಯಲ್ಲಿ ಸವಾರನಿಗೂ ಗೇರಿಗೂ ನಡುವಿನ ಕೊಂಡಿಗಳು ಹೆಚ್ಚುತ್ತಲೇ ಹೋದವು. ಪ್ರತಿ ಕೊಂಡಿಯೂ ಅನುಕೂಲ ತಂದಿತು. ಪ್ರತಿ ಕೊಂಡಿಯೂ ಕೆಡಬಹುದಾದ ಹೊಸ ಜಾಗವೊಂದನ್ನು ಸೇರಿಸಿತು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮಗಳು ಜಾರಿಯಾದ ಮೇಲೆ ಸಣ್ಣ ಬೈಕುಗಳಲ್ಲೂ ಗಣಕ ನಿಯಂತ್ರಿತ ಇಂಧನ ವ್ಯವಸ್ಥೆ ಸಾಮಾನ್ಯವಾಗಿದೆ. ಗೇರಿನ ಸುದ್ದಿ ಈಗ ಸವಾರನಿಗೆ ಮಾತ್ರವಲ್ಲ, ಗಣಕಕ್ಕೂ ಬೇಕು. ಹಾಗಾಗಿ ಮುಂದೆ ಯಾವುದೇ ಯಂತ್ರದ ದೀಪವನ್ನು ನೋಡಿದಾಗ ಇದರ ತಂತಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದು ಯಾವುದನ್ನು ಮುಟ್ಟುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ತಿಳಿಯುವವರೆಗೆ ಬೈಕನ್ನು ಒಮ್ಮೆ ತಳ್ಳಿ ನೋಡುವುದೇ ಲೇಸು.